ಅಗ್ಗಕ್ಕೆ ಸಿಕ್ಕ ತೊಟ್ಟಿಲು

ಹನ್ನೆರಡು ಸಾವಿರ ಕೊಟ್ಟೆ. ಅವನು ಹೇಳಿದ್ದು ಹತ್ತೊಂಬತ್ತು. ಚನ್ನಪಟ್ಟಣದ ತೊಟ್ಟಿಲು, ಅರಗಿನ ಬಣ್ಣ ಹಾಕಿದ ಕಡ್ಡಿಗಳು, ತಲೆಯ ಕಡೆ ಎರಡು ಗಿಳಿ, ಎಷ್ಟು ತೂಗಿದರೂ ಕಿರ್ ಎನ್ನದ ಕೀಲು. ಇಂಥದ್ದು ಇಷ್ಟು ಕಡಿಮೆಗೆ ಹೇಗೆ ಸಿಕ್ಕಿತೆಂದು ಯಾರಾದರೂ ಕೇಳಿದ್ದರೆ, ನನಗೆ ಚೌಕಾಶಿ ಮಾಡಲು ಬರುತ್ತದೆ, ಅದಕ್ಕೇ ಸಿಕ್ಕಿತು ಎಂದು ಹೇಳುತ್ತಿದ್ದೆ. ಮರುದಿನ ಬೆಳಗಿನ ಕಾಫಿಯವರೆಗೆ ನನಗೂ ಅದೇ ನಂಬಿಕೆಯಿತ್ತು. ಅಗ್ಗಕ್ಕೆ ಸಿಕ್ಕಿದ ಪ್ರತಿಯೊಂದು ವಸ್ತುವಿನ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ನಮ್ಮ ಜಾಣತನವೇ ಆಗಿರಬೇಕೆಂದೇನೂ ಇಲ್ಲ. ಇಷ್ಟು ತಿಳಿದುಕೊಳ್ಳಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು.

ಚೌಕಾಶಿ ನನಗೆ ಚಟವಲ್ಲ, ಕಸುಬು. ಪೀಣ್ಯದಲ್ಲಿ ಟರ್ನರ್ ಆಗಿ ಸೇರಿ, ಬೇರೆಯವರ ಲೇತ್ ಮೇಲೆ ಕಬ್ಬಿಣ ತಿರುಗಿಸಿ ತಿರುಗಿಸಿ, ಕೊನೆಗೆ ಒಬ್ಬರು ಗುಜರಿಗೆ ಹಾಕಲು ಹೊರಟಿದ್ದ ಎರಡು ಲೇತ್‌ಗಳನ್ನು ತೂಕದ ಲೆಕ್ಕದಲ್ಲೇ ಕೊಂಡು ಸ್ವಂತ ಶೆಡ್ ಹಾಕಿದವನು ನಾನು. ಹಾಗೆ ಮೇಲೆ ಬಂದವನಿಗೆ ಹೇಳಿದ ಬೆಲೆ ಕೊಡುವುದೆಂದರೆ ಕಾಲಿನ ಚಪ್ಪಲಿ ಬಿಟ್ಟುಬಂದಷ್ಟು ಕಸಿವಿಸಿ. ತರಕಾರಿ ಅಂಗಡಿ ಬಿಡಿ, ಹಲ್ಲಿನ ಡಾಕ್ಟರ ಹತ್ತಿರವೂ ಮಾತಾಡಿ ಎರಡು ಹಲ್ಲು ಕೀಳಿಸಿದ್ದಕ್ಕೆ ಇನ್ನೊಂದು ಹಲ್ಲನ್ನು ಪುಕ್ಕಟೆ ಶುಚಿ ಮಾಡಿಸಿಕೊಂಡಿದ್ದೇನೆ. ಅಂಗಡಿಗೆ ಹೋದರೆ ನನ್ನ ಹೆಂಡತಿ ಗಿರಿಜ ಪಕ್ಕದ ಅಂಗಡಿಯ ಮುಂದೆ ನಿಂತು ನಾನು ಯಾರೋ ಎಂಬಂತೆ ರಸ್ತೆ ನೋಡುತ್ತಿರುತ್ತಾಳೆ. ಆಮೇಲೆ ಉಳಿದ ದುಡ್ಡಿನಲ್ಲಿ ಹೂವು ತೆಗೆದುಕೊಳ್ಳುವಾಗ ಮಾತ್ರ ಗುರುತು ಹಿಡಿಯುತ್ತಾಳೆ. ಯುವಕರು ಕೇಳಿದರೆ ನಾನು ಹೇಳಿಕೊಡುವುದಿಷ್ಟು: ಬೇಕಾದ ವಸ್ತುವನ್ನು ಮುಟ್ಟಬೇಡಿ, ಪಕ್ಕದ್ದರ ಬೆಲೆ ಕೇಳಿ. ಹೊಗಳಬೇಡಿ. ಗಾಡಿಯ ಕೀ ಕೈಯಲ್ಲೇ ಇರಲಿ. ಕೇಳದಿದ್ದರೂ ಹೇಳಿಕೊಡುತ್ತೇನೆ, ಅದು ಬೇರೆ ಮಾತು.

ಆ ಬೇಸಿಗೆಯಲ್ಲಿ ನಾವು ಜಾಲಹಳ್ಳಿಯ ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಒಂದು ಭಾನುವಾರ ಮದುವೆ, ಇನ್ನೊಂದು ಭಾನುವಾರ ನಾಮಕರಣ, ನಡುವೆ ಯಾರದೋ ಅರವತ್ತರ ಶಾಂತಿ. ಯಾರೂ ಕರೆಯದ ಭಾನುವಾರ ಬಂದರೆ ಗಿರಿಜಳಿಗೆ ಅನುಮಾನವಾಗುತ್ತಿತ್ತು, ನಮ್ಮನ್ನು ಬಿಟ್ಟು ಎಲ್ಲೋ ಏನೋ ನಡೀತಿದೆ ಅಂತ. ಏಪ್ರಿಲ್‌ನಲ್ಲಿ ಮದ್ದೂರಿನಲ್ಲಿ ಅವಳ ಕಡೆಯವರ ಮದುವೆ. ಮುಗಿಸಿಕೊಂಡು ಹೆಂಗಸರೆಲ್ಲ ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಹಾಡುತ್ತಾ ಹೊರಟರು. ಮದುವೆಗೆಂದು ಕೊಟ್ಟಿದ್ದ ನಮ್ಮ ದೊಡ್ಡ ಪಾತ್ರೆಗಳನ್ನು ವ್ಯಾನಿಗೆ ಹಾಕಿಕೊಂಡು ನಾನೊಬ್ಬನೇ ಹಿಂದೆ ಬಂದೆ. ಗಂಡಸೊಬ್ಬನನ್ನು ಜಾಗ ಉಳಿದ ವ್ಯಾನಿನ ಜೊತೆ ಒಂಟಿಯಾಗಿ ಬಿಡಬಾರದು ಎಂದು ಗಿರಿಜ ಈಗ ಎಲ್ಲರಿಗೂ ಹೇಳುತ್ತಾಳೆ.

ಚನ್ನಪಟ್ಟಣದಲ್ಲಿ ಟೀ ಕುಡಿಯಲು ಇಳಿದವನಿಗೆ ಒಂದು ಓಣಿಯಿಂದ ಲೇತ್ ತಿರುಗುವ ಸದ್ದು ಕೇಳಿಸಿತು. ಆ ಸದ್ದು ಕೇಳಿದರೆ ನನ್ನ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಒಳಗೆ ಬಾಬಾಜಾನ್ ಎಂಬುವನು ಮರದ ಕಡ್ಡಿಯೊಂದನ್ನು ತಿರುಗಲು ಬಿಟ್ಟು ಅದಕ್ಕೆ ಕೆಂಪು ಅರಗಿನ ತುಂಡನ್ನು ಒತ್ತಿ ಹಿಡಿದಿದ್ದ. ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತಿತ್ತು. ಆಮೇಲೆ ಕೇದಗೆಯ ಒಣ ಎಲೆ ಒತ್ತಿದರೆ ಕನ್ನಡಿಯಂಥ ಹೊಳಪು. ಮೂವತ್ತು ಚಿಲ್ಲರೆ ವರ್ಷ ಕಬ್ಬಿಣ ತಿರುಗಿಸಿದ ನನಗೆ ಬಾಯಲ್ಲಿ ನೀರೂರಿತು. ಆದರೆ ಮುಖದಲ್ಲಿ ತೋರಿಸಲಿಲ್ಲ. ಮೆಚ್ಚುಗೆ ತೋರಿಸಿದರೆ ಅದನ್ನೂ ಬೆಲೆಗೆ ಸೇರಿಸಿಬಿಡುತ್ತಾರೆ. ಮೂಲೆಯಲ್ಲಿ ತೊಟ್ಟಿಲಿತ್ತು. ನಾನು ಅದರ ಪಕ್ಕದ ಬೊಂಬೆಯ ಬೆಲೆ ಕೇಳಿದೆ.

"ಬೊಂಬೆ ಬಿಡಿ ಅಣ್ಣಾ," ಎಂದ ಬಾಬಾಜಾನ್. "ನೀವು ನೋಡ್ತಿರೋದು ತೊಟ್ಲು. ಹತ್ತೊಂಬತ್ತು."

ಹೀಗೆ ಮೊದಲ ಮಾತಿಗೇ ಸಿಕ್ಕಿಬಿದ್ದರೂ ನಾನು ಸೋಲಲಿಲ್ಲ. ಕೀ ಆಡಿಸಿದೆ. ಎರಡು ಸಲ ಬಾಗಿಲವರೆಗೆ ಹೋಗಿಬಂದೆ. ಗಿಳಿಯ ಕೊಕ್ಕು ಸ್ವಲ್ಪ ಓರೆಯಾಗಿದೆ ಎಂದೆ. ಗಿಳಿಯ ಕೊಕ್ಕು ಓರೆಯಾಗೇ ಇರೋದು ಎಂದು ಅವನು ಹೇಳಿದ. ಹದಿನಾಲ್ಕಕ್ಕೆ ಬಂದಾಗ ನಾನು ವ್ಯಾನ್ ಸ್ಟಾರ್ಟ್ ಮಾಡಿದೆ. ಅವನು ಓಡಿಬಂದು ಕಿಟಕಿಗೆ ಕೈಯಿಟ್ಟ.

"ಇವತ್ತೇ, ಈಗ್ಲೇ ಎತ್ಕೊಂಡು ಹೋಗೋದಾದ್ರೆ ಹನ್ನೆರಡಕ್ಕೆ ಕೊಡ್ತೀನಿ ಅಣ್ಣಾ. ನಾಳೆ ಬರ್ತೀನಿ, ಬುಕ್ ಮಾಡಿ ಇಡಿ ಅಂದ್ರೆ ಆಗಲ್ಲ."

ಅವನೇ ಎತ್ತಿ, ಅವನೇ ಹಗ್ಗ ಕಟ್ಟಿ, ಪಾತ್ರೆ ತಾಗದಂತೆ ರಟ್ಟು ಸುತ್ತಿಕೊಟ್ಟ. ವ್ಯಾನು ತಿರುವು ದಾಟುವವರೆಗೂ ಅಲ್ಲೇ ನಿಂತು ನೋಡುತ್ತಿದ್ದ. ಕಲಾವಿದನಿಗೆ ತಾನು ಮಾಡಿದ ವಸ್ತುವಿನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ.

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಗಿರಿಜಳಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಹಿಂದೆ ಹೆಂಗಸರ ಹಾಡು ಕೇಳಿಸುತ್ತಿತ್ತು. ಬೆಲೆ ಹೇಳುವಷ್ಟರಲ್ಲಿ ಅವಳು ಕೇಳಿದಳು:

"ಯಾರ್ಗೆ ಅದು?"

"ಇನ್ಯಾರ್ಗೆ? ನಮ್ಮ ಸುಮಂಗೆ. ಮುಂದೆ ತೊಟ್ಲು ಕೊಡ್ಬೇಕಾದವರು ತವರಿನವರು ನಾವೇ ತಾನೆ? ಈಗ್ಲೇ ತಗೊಂಡ್ರೆ ಏಳು ಸಾವ್ರ ಉಳೀತು."

ಹಾಡು ಮಾತ್ರ ಮುಂದುವರಿಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ರೀ, ಅದು ನಮ್ಮ ಕಾಂಪೌಂಡ್ ಒಳಗೆ ಬರಕೂಡದು. ಸುಮನ ಕಣ್ಣಿಗೆ ಬಿದ್ರೆ ನೋಡಿ," ಎಂದು ಫೋನಿಟ್ಟಳು.

ಸುಮ ನಮ್ಮ ಒಬ್ಬಳೇ ಮಗಳು. ಆಗ ಅವಳಿಗೆ ಐದನೆಯ ತಿಂಗಳು. ಹಿಂದಿನ ವರ್ಷವೂ ಒಮ್ಮೆ ಗರ್ಭ ನಿಂತಿತ್ತು, ಮೂರನೆಯ ತಿಂಗಳಲ್ಲಿ ಹೋಯಿತು. ಹಾಗಾಗಿ ಈ ಸಲ ಎರಡೂ ಮನೆಯ ಹೆಂಗಸರು ಯಾರೂ ಬಾಯಿಬಿಟ್ಟು ಹೇಳದೆಯೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಮಗು ಕೈಗೆ ಬರುವ ತನಕ ಅದರ ಹೆಸರಿನಲ್ಲಿ ಅಂಗಿಯ ಒಂದು ಗುಂಡಿಯನ್ನೂ ಕೊಳ್ಳುವಂತಿಲ್ಲ. ಅದರಲ್ಲೂ ಖಾಲಿ ತೊಟ್ಟಿಲು ಮನೆಗೆ ತರುವುದು, ಅದನ್ನು ತೂಗುವುದು ಎಂದರೆ ಕೇಳುವುದೇ ಬೇಡ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಏಳು ಸಾವಿರ ಎದುರಿಗೆ ನಿಂತಿದ್ದಾಗ ನೆನಪಾಗಲಿಲ್ಲ. ನನಗೆ ಇಂಥದ್ದರಲ್ಲಿ ನಂಬಿಕೆಯೂ ಇಲ್ಲ. ಆದರೆ ನಂಬಿಕೆ ನನ್ನದಲ್ಲ, ಭಯ ಮಗಳದು. ಅವಳು ತೊಟ್ಟಿಲನ್ನು ನೋಡಿ ಎದೆ ಹಿಡಿದುಕೊಂಡು ಕೂತರೆ ನನ್ನ ವಿಚಾರವಾದ ಇಟ್ಟುಕೊಂಡು ಏನು ಮಾಡಲಿ?

ಆ ದಿನ ವ್ಯಾನನ್ನು ಗೆಳೆಯನೊಬ್ಬನ ಗ್ಯಾರೇಜಿನಲ್ಲಿ ಬಿಟ್ಟೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಬಾಬಾಜಾನ್‌ಗೆ ಫೋನ್ ಮಾಡಿ, ನಾಲ್ಕು ತಿಂಗಳು ನಿನ್ನ ಹತ್ತಿರವೇ ಇಟ್ಟುಕೊಂಡಿರು, ಬೇಕಾದರೆ ಬಾಡಿಗೆ ಕೊಡುತ್ತೇನೆ ಎಂದೆ. ಅವನು ಗಾಬರಿಯಾದ.

"ಬ್ಯಾಡ ಅಣ್ಣಾ, ಕೈ ಮುಗೀತೀನಿ. ಆರ್ಡರ್ ಕೊಟ್ಟೋರು ಬರ್ಲೇ ಇಲ್ಲ. ಖಾಲಿ ತೊಟ್ಲು ಮನೇಲಿ ಇಟ್ಕೊಂಡಿದೀಯ ಅಂತ ನಮ್ಮಮ್ಮ, ನಮ್ಮನೆಯವಳು ಇಬ್ರೂ ಸೇರ್ಕೊಂಡು ಯುಗಾದಿಯಿಂದ ನನ್ನ ಪ್ರಾಣ ತೆಗೀತಾ ಇದ್ರು. ನಿನ್ನೆ ನೀವು ಬಂದ್ರಿ, ಪುಣ್ಯಾತ್ಮರು. ಎಂಟಕ್ಕೆ ಕೇಳಿದ್ರೂ ಕೊಟ್ಬಿಡ್ತಿದ್ದೆ."

ಎಂಟು! ತೊಟ್ಟಿಲನ್ನು ಎಲ್ಲಿಡುವುದು ಎನ್ನುವ ಚಿಂತೆಗಿಂತ ಈ ಎಂಟು ನನ್ನನ್ನು ಹೆಚ್ಚು ಸುಟ್ಟಿತು. ನಾನು ಅವನನ್ನು ಹಿಂಡಿದೆ ಎಂದುಕೊಂಡಿದ್ದರೆ ಅವನು ತನ್ನ ಮನೆಯ ಕಾಟವನ್ನು ಹಗ್ಗ ಕಟ್ಟಿ, ರಟ್ಟು ಸುತ್ತಿ ನನಗೆ ದಾಟಿಸಿದ್ದ. ಮೇಲೆ ದುಡ್ಡೂ ತೆಗೆದುಕೊಂಡಿದ್ದ. ಅವನು ಪೀಣ್ಯದಲ್ಲಿ ಇರಬೇಕಾದವನು.

ಪಟ್ಟಂದೂರು ಅಗ್ರಹಾರದಲ್ಲಿ ನನ್ನ ಅಕ್ಕನ ಮನೆ. ಅವಳನ್ನು ಕೊಟ್ಟ ಕಾಲಕ್ಕೆ ಅದು ರಾಗಿ ಹೊಲದ ನಡುವಿನ ಹಳ್ಳಿ. ಈಗ ಅಕ್ಕ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಬೆಳೆಯುತ್ತಾಳೆ. ಆ ಬೇಸಿಗೆಯಲ್ಲಿ ಮೇಲೆ ಇನ್ನೊಂದು ಅಂತಸ್ತು ಎತ್ತಿ ಅದಕ್ಕೂ ಬೇರೆಯಾಗಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಅವಳ ಟೆರೇಸಿನ ಕೋಣೆಯಲ್ಲಿ ರಟ್ಟು ಸುತ್ತಿದ ತೊಟ್ಟಿಲನ್ನು ಇಟ್ಟು, ಕೇಳಿದ್ದಕ್ಕೆ ಮಡಚುವ ಮಂಚ ಎಂದೆ. ನಡೆಯಿತು, ಗೃಹಪ್ರವೇಶದ ದಿನದವರೆಗೆ. ಅಂದು ನೆಂಟರ ಮಕ್ಕಳು ಕಣ್ಣಾಮುಚ್ಚಾಲೆ ಆಡಲು ಮೇಲೆ ಹತ್ತಿ, ರಟ್ಟು ಕಿತ್ತು, ತೊಟ್ಟಿಲಿನಲ್ಲಿ ಮೂವರು ಕೂತು, ಉಳಿದವರು ಅದನ್ನು ಬಸ್ಸಿನಂತೆ ನೂಕುತ್ತಿದ್ದರು. ಕಂಡಕ್ಟರ್ ಆಗಿದ್ದ ಹುಡುಗಿ ಸಿಲ್ಕ್ ಬೋರ್ಡ್, ಸಿಲ್ಕ್ ಬೋರ್ಡ್ ಎಂದು ಕೂಗುತ್ತಿದ್ದಳು.

ಕೂಗು ಕೇಳಿ ಮೇಲೆ ಬಂದವರು ನಮ್ಮ ಬೀಗಿತ್ತಿ ನೀಲಮ್ಮನವರು, ಸುಮನ ಅತ್ತೆ. ಹಾವೇರಿ ಕಡೆಯವರು, ಮಗನ ಜೊತೆ ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರು ಮಾತು ಕಡಿಮೆ ಆಡುತ್ತಾರೆ, ಆಡಿದ್ದು ಉಳಿಯುತ್ತದೆ. ಮಕ್ಕಳನ್ನು ಇಳಿಸಿ ಓಡಿಸಿ, ತೊಟ್ಟಿಲಿನ ಅಂಚಿನ ಮೇಲೆ ಕೈಯಾಡಿಸುತ್ತಾ ನಿಂತರು. ಅಷ್ಟರಲ್ಲಿ ನಾನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದೆ.

"ಯಾರದ್ರೀ ಬೀಗರ, ಈ ತೊಟ್ಲಾ?"

"ಬಾಡಿಗೆಯವರದ್ದು ಇರ್ಬೇಕು," ಎಂದೆ.

"ಬಾಡಿಗಿ ಮಂದಿ ಇಷ್ಟ್ ಚಲೋ ತೊಟ್ಲಾ ಇಟ್ಟಾರೇನ್ರೀ!" ಎಂದರು. ಆಮೇಲೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣಿಟ್ಟು ತೊಟ್ಟಿಲಿನ ಉದ್ದ ಅಳೆದರು. ಅಗಲ ಅಳೆದರು. ನನ್ನ ಮುಖವನ್ನೂ ಒಂದು ಸಲ ಅಳೆದು, ಊಟಕ್ಕೆ ಇಳಿದುಹೋದರು. ಹೋಳಿಗೆ ಬಡಿಸಿದವರು ಇನ್ನೊಂದು ಬೇಕಾ ಎಂದು ಕೇಳಿದಾಗ ಬೇಡ ಎಂದೆ. ನನ್ನ ಜೀವಮಾನದಲ್ಲಿ ಪುಕ್ಕಟೆ ಬಂದ ಹೋಳಿಗೆಗೆ ಬೇಡ ಎಂದದ್ದು ಅದೊಂದೇ ಸಲ.

ಅಕ್ಕನಿಗೂ ಗುಟ್ಟು ತಿಳಿಯಿತು. "ಲೋ ಪುಟ್ಟ, ಒಸ ಮನೆಗೆ ಬರೀ ತೊಟ್ಲು ತಂದು ಮಡಗಿ ಮಂಚ ಅಂದ್ಯಲ್ಲೋ! ಇಂಗಾ ಮಾಡಾದು? ತಗೊಂಡೋಗು ಮೊದ್ಲು," ಎಂದು ಬೈದಳು. ಬೈದು ಮುಗಿದ ಮೇಲೆ ಕರುಣೆ ಹುಟ್ಟಿ ಉಪಾಯವನ್ನೂ ಹೇಳಿದಳು. "ಬರಿದು ಯಾಕೆ ಬುಡ್ತೀಯ? ಎಸರಿಡೋ ದಿನ ಮಗೀಗೆ ಮುಂಚೆ ಗುಂಡುಕಲ್ಲು ಮಲಗ್ಸಲ್ವಾ? ಅಂಗೇ ಒಂದು ಗುಂಡುಕಲ್ಲು ಮಲಗ್ಸು. ಆಗ ಅದು ಬರೀ ತೊಟ್ಲು ಎಂಗಾಯ್ತದೆ?"

ಇದು ನನಗೆ ಬಹಳ ಹಿಡಿಸಿತು. ನಿಯಮ ಮುರಿಯದೆ ನಿಯಮದಿಂದ ನುಣುಚಿಕೊಳ್ಳುವ ದಾರಿ ತೋರಿಸುವವರಿಗೆ ನಾವು ಪೀಣ್ಯದಲ್ಲಿ ಫೀಸು ಕೊಡುತ್ತೇವೆ. ಅಂದೇ ತೊಟ್ಟಿಲನ್ನು ನನ್ನ ಶೆಡ್ಡಿಗೆ ಸಾಗಿಸಿದೆ. ಆದರೆ ಪೀಣ್ಯದಲ್ಲಿ ಗುಂಡುಕಲ್ಲು ಎಲ್ಲಿಂದ ತರುವುದು? ಮನೆಯದನ್ನು ತಂದರೆ ಗಿರಿಜ ದೋಸೆ ಹಿಟ್ಟಿನ ದಿನ ಹುಡುಕುತ್ತಾಳೆ. ನನ್ನ ಫೋರ್‌ಮನ್ ರಂಗಸ್ವಾಮಿ ಅದಕ್ಕೂ ದಾರಿ ಮಾಡಿದ. ಅಳತೆ ತಪ್ಪಿ ವಾಪಸ್ ಬಂದಿದ್ದ ಎರಕದ ಬುಷ್ ಒಂದನ್ನು, ಗುಂಡುಕಲ್ಲಿನ ಗಾತ್ರದ ಕಬ್ಬಿಣದ ಕೊಳವೆಯನ್ನು, ಸೀಮೆಎಣ್ಣೆಯಲ್ಲಿ ತೊಳೆದು, ಮಷೀನ್ ಒರೆಸುವ ಬನಿಯನ್ ಬಟ್ಟೆಯಲ್ಲಿ ಸುತ್ತಿ, ತಲೆಯ ಕಡೆ ಗಿಳಿ ಬರುವಂತೆ ಮಲಗಿಸಿದ. ಯಾರೋ ಕುಂಕುಮ ಇಟ್ಟರು. ಮೊದಮೊದಲು ನಗುತ್ತಿದ್ದವರು ಆಮೇಲೆ ಅದರ ಪಕ್ಕ ಗ್ರೈಂಡಿಂಗ್ ಮಾಡಬೇಡಿ, ಧೂಳು ಬೀಳುತ್ತೆ ಎಂದು ಒಬ್ಬರಿಗೊಬ್ಬರು ಹೇಳತೊಡಗಿದರು. ಮಾಲು ನೋಡಲು ಬಂದ ಗಿರಾಕಿಯ ಇನ್ಸ್‌ಪೆಕ್ಟರ್ ಒಬ್ಬರು, "ಏನ್ರೀ ಇದು?" ಎಂದು ಬೆರಳು ತೋರಿಸಿದಾಗ ರಂಗಸ್ವಾಮಿ, "ನೀವೇ ಹೋದ್ ತಿಂಗ್ಳು ರಿಜೆಕ್ಟ್ ಮಾಡಿದ್ರಲ್ಲ ಸಾರ್, ಅದೇ. ಸುಧಾರಿಸ್ಕೋತಾ ಇದೆ," ಎಂದ. ಅವರು ಆ ಸಲ ಯಾವುದನ್ನೂ ರಿಜೆಕ್ಟ್ ಮಾಡಲಿಲ್ಲ.

ಮೇ ಕೊನೆಯಲ್ಲಿ ಸೀಮಂತವಾಯಿತು. ಸುಮ ಹೆರಿಗೆಗೆಂದು ನಮ್ಮ ಮನೆಗೆ ಬಂದಳು. ದಿನವೂ ಅವಳು ಮನೆಯಲ್ಲಿ, ತೊಟ್ಟಿಲು ಶೆಡ್ಡಿನಲ್ಲಿ. ನಡುವೆ ನಾನು ಓಡಾಡಿಕೊಂಡು, ಎರಡೂ ಕಡೆ ಸಹಜವಾಗಿರುವಂತೆ ನಟಿಸಿಕೊಂಡು ಇದ್ದೆ. ಡಾಕ್ಟರು ಮನೆಯಲ್ಲೇ ಕೂರದೆ ಓಡಾಡಿಕೊಂಡಿರಬೇಕು ಎಂದಿದ್ದರು. ಒಂದು ಮಧ್ಯಾಹ್ನ ನಾನು ಆಫೀಸಿನ ಮೂಲೆಯಲ್ಲಿ ಬಿಲ್ ನೋಡುತ್ತಿದ್ದಾಗ ಮಷೀನುಗಳು ಒಂದೊಂದಾಗಿ ನಿಂತವು. ಶೆಡ್ಡಿನಲ್ಲಿ ಅಂಥ ಮೌನ ಕರೆಂಟ್ ಹೋದಾಗ ಮಾತ್ರ ಬರುತ್ತದೆ. ಎದ್ದು ನೋಡಿದರೆ ಊಟದ ಡಬ್ಬಿ ಹಿಡಿದುಕೊಂಡು ಸುಮ ತೊಟ್ಟಿಲಿನ ಮುಂದೆ ನಿಂತಿದ್ದಳು. ಆಟೋದಲ್ಲಿ ಬಂದಿದ್ದಳು, ಅಪ್ಪನಿಗೆ ಬಿಸಿ ಊಟ ಕೊಡೋಣ ಅಂತ. ರಂಗಸ್ವಾಮಿ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಸುಮ ಡಬ್ಬಿ ಕೆಳಗಿಟ್ಟಳು. ಬನಿಯನ್ ಬಟ್ಟೆ ಸರಿಸಿ ಬುಷ್ ನೋಡಿದಳು. ಮತ್ತೆ ಹೊದಿಸಿದಳು. ಆಮೇಲೆ ತಿರುಗಿ ಕೇಳಿದಳು:

"ಎಷ್ಟಕ್ಕೆ ಕೊಟ್ಟ?"

"ಹನ್ನೆರಡು."

"ಜಾಸ್ತಿ ಆಯ್ತಪ್ಪ."

ಅವಳೇ ಕುರ್ಚಿ ಎಳೆದುಕೊಂಡು ಕೂತಳು. "ನಂಗೆ ಅವತ್ತೇ ಗೊತ್ತಿತ್ತು. ದೊಡ್ಡತ್ತೆ ಮನೆ ಗೃಹಪ್ರವೇಶದ ದಿನಾನೇ ನಮ್ಮತ್ತೆ ಬಂದು ಹೇಳಿದ್ರು, ನಿಮ್ಮಪ್ಪಾರು ತೊಟ್ಲು ತಂದು ಬಚ್ಚಿಟ್ಟಾರ, ಬಾಳ ಚಲೋ ಐತಿ, ನಿಮ್ಮವ್ವಗ ಹೇಳಬ್ಯಾಡ ಅಂತ. ಅವರು ತೊಟ್ಲಿಗೆ ಕೌದಿ ಹೊಲೀತಾ ಇದಾರೆ. ಅದಕ್ಕೇ ಅಳತೆ ತಗೊಂಡಿದ್ದು."

ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆ, ಅವರ ಕಡೆ ಮಗುವಿಗೆ ಮೊದಲು ಹಾಸುವುದು ಅದನ್ನೇ. ಕಟ್ಟುಪಾಡು ಹಾಕಿದ ಬೀಗಿತ್ತಿಯೇ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಕೊಂಡು ಅದನ್ನು ಮುರಿಯುತ್ತಿದ್ದರು!

"ನಿಂಗೆ ಭಯ ಆಗ್ಲಿಲ್ವಾ?" ಎಂದೆ.

"ಹೋದ ಸಲ ಯಾರೂ ಏನೂ ತಂದಿರ್ಲಿಲ್ಲ ಅಪ್ಪ," ಎಂದಳು. "ಆದ್ರೂ ಹೋಯ್ತಲ್ಲ. ಈ ಸಲಾನೂ ಎಲ್ರೂ ನನ್ನ ಎದುರಿಗೆ ಏನೂ ನಡೀತಾನೇ ಇಲ್ವೇನೋ ಅನ್ನೋ ಥರಾನೇ ಇರ್ತೀರ. ನೀವೊಬ್ರು ಮಗು ಬಂದೇ ಬರುತ್ತೆ ಅಂತ ದುಡ್ಡು ಹಾಕಿದೀರಲ್ಲ. ಅದೂ ನೀವು!"

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾನು ಇಂದಿಗೂ ಲೆಕ್ಕ ಹಾಕುತ್ತಿದ್ದೇನೆ. ಏಳು ಸಾವಿರ ಉಳಿಸುವುದಕ್ಕೆ ತಂದದ್ದು ಎಂದು ನಿಜ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಡಬ್ಬಿಯಲ್ಲಿ ಬಿಸಿಬೇಳೆಬಾತ್ ಇತ್ತು, ಇಬ್ಬರೂ ತಿಂದೆವು. ಮಷೀನುಗಳು ಮತ್ತೆ ಶುರುವಾದವು.

ಮಳೆ ಹಿಡಿದ ಮೇಲೆ, ಆಗಸ್ಟ್‌ನಲ್ಲಿ, ಮೊಮ್ಮಗಳು ಬಂದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೆಸರಿಡುವ ದಿನ ತೊಟ್ಟಿಲು ರಾಜಾರೋಷವಾಗಿ ಕಾಂಪೌಂಡ್ ಒಳಗೆ ಬಂತು. ರಂಗಸ್ವಾಮಿ ಬುಷ್ಷನ್ನೂ ಪಾಲಿಶ್ ಮಾಡಿ ಹಿಡಿದುಕೊಂಡು ಬಂದಿದ್ದ, ಇಷ್ಟು ದಿನ ಮಲಗಿದ್ದಕ್ಕೆ ಇದಕ್ಕೂ ಹಕ್ಕಿದೆ ಸಾರ್ ಎಂದು. ನೀಲಮ್ಮನವರು ಅದನ್ನು ತಿರುಗಿಸಿ ನೋಡಿ, "ಕಲ್ಲಽ ಆಗಬೇಕ್ರೀ, ಕಬ್ಬಣ ನಡಿಯಂಗಿಲ್ಲ," ಎಂದು ತೀರ್ಪು ಕೊಟ್ಟರು. ಗಿರಿಜ ಅಡುಗೆಮನೆಯ ಗುಂಡುಕಲ್ಲು ತೊಳೆದು ತಂದಳು. ಕೌದಿ ಹಾಸಿದರೆ ನಾಲ್ಕೂ ಅಂಚಿಗೆ ನೂಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ನನ್ನ ಶೆಡ್ಡಿನಲ್ಲಿ ವರ್ನಿಯರ್ ಹಿಡಿದವರು ಮಾಡಿದ ಕೆಲಸ ವಾಪಸ್ ಬರುತ್ತದೆ, ಇವರು ಗೇಣಿನಲ್ಲಿ ಅಳೆದಿದ್ದರು. ಗಿರಿಜ ಕೌದಿಯನ್ನೂ ತೊಟ್ಟಿಲನ್ನೂ ನಮ್ಮ ಮೂವರ ಮುಖವನ್ನೂ ನೋಡಿ, "ಅಂದ್ರೆ ಇಡೀ ಬೇಸಿಗೆ ಈ ಮನೇಲಿ ಪಥ್ಯ ಮಾಡಿದ್ದು ನಾನೊಬ್ಳೇ?" ಎಂದಳು.

ಇಲ್ಲಿಗೆ ಮುಗಿಯಿತೆಂದು ನೀವು ತಿಳಿದರೆ ನಿಮಗೂ ನನ್ನಷ್ಟೇ ಬುದ್ಧಿ. ಮಕ್ಕಳು ಬೆಳೆಯುತ್ತಾರೆ. ಈಗ ಮೊಮ್ಮಗಳು ತೊಟ್ಟಿಲಿನ ಅಂಚು ಹಿಡಿದು ನಿಂತು ಗಿಳಿಯ ಕೊಕ್ಕು ಕಚ್ಚುತ್ತಾಳೆ, ಮಲಗಿಸಿದರೆ ಇಳಿಯಲು ಕಾಲು ಹಾಕುತ್ತಾಳೆ. ಮಗು ಮಲಗದ ತೊಟ್ಟಿಲು ಮತ್ತೆ ಖಾಲಿ ತೊಟ್ಟಿಲೇ. ಮನೆಯಲ್ಲಿ ಇಡಬಾರದು, ಮಾರಲೂಬಾರದು, ಇನ್ನೊಂದು ಮಗುವಿಗೆ ಕೊಡಬೇಕು ಎಂದು ಈ ಸಲ ಗಿರಿಜ, ನೀಲಮ್ಮನವರು ಇಬ್ಬರೂ ಒಟ್ಟಿಗೆ ಹೇಳಿದ್ದಾರೆ. ಹಾಗಾಗಿ ನಾನು ಯಾರ ಮನೆಯಲ್ಲಿ ಮಗು ಹುಟ್ಟಿದೆ ಎಂದು ವಿಚಾರಿಸಿಕೊಂಡು ತಿರುಗುತ್ತಿದ್ದೇನೆ. ಜನ ಎಷ್ಟು ಚೌಕಾಶಿ ಮಾಡುತ್ತಾರೆಂದು ಈಗ ಗೊತ್ತಾಗುತ್ತಿದೆ. ಪುಕ್ಕಟೆ ಎಂದರೂ ಒಬ್ಬರು ಕೊಕ್ಕಿಗೆ ಬಣ್ಣ ಹಚ್ಚಿಸಿಕೊಡಿ ಎನ್ನುತ್ತಾರೆ. ಇನ್ನೊಬ್ಬರು ಸೊಳ್ಳೆ ಪರದೆ ಇಲ್ವಾ ಸಾರ್ ಎನ್ನುತ್ತಾರೆ. ಮೊನ್ನೆ ಒಬ್ಬ ನನ್ನ ಎದುರಿಗೇ ಕೀ ಆಡಿಸಿದ, ಬೈಕ್ ಕೂಡ ಸ್ಟಾರ್ಟ್ ಮಾಡಿದ.

ಆದ್ದರಿಂದ ಓದುಗರಿಗೆ ನನ್ನ ಸಲಹೆ. ಮದುವೆ ಮುಗಿಸಿ ಬರುವಾಗ ವ್ಯಾನಿನಲ್ಲಿ ಜಾಗ ಉಳಿಸಿಕೊಳ್ಳಬೇಡಿ. ಮಾರುವವನು ತಾನೇ ಹಗ್ಗ ಕಟ್ಟಿಕೊಟ್ಟರೆ ಅವನ ಮನೆಯವರನ್ನು ಒಂದು ಮಾತು ವಿಚಾರಿಸಿ. ತೊಟ್ಟಿಲನ್ನಂತೂ ಕೊಳ್ಳಲೇಬೇಡಿ. ಹೆರಿಗೆಯಾಗಿ ಮಗು ಮನೆಗೆ ಬಂದ ಮೇಲೆ ಪೀಣ್ಯದ ಕಡೆ ಬಂದು ನನ್ನನ್ನು ಕೇಳಿ. ತೊಟ್ಟಿಲಿಗೆ ದುಡ್ಡು ಬೇಡ, ಕೌದಿ ಮಾತ್ರ ಕೊಡುವುದಿಲ್ಲ. ಟೆಂಪೋ ಬಾಡಿಗೆ ಅರ್ಧ ನಿಮ್ಮದು, ಅರ್ಧ ನನ್ನದು. ಇದು ಕೊನೆಯ ಮಾತು. ಹೋಗಲಿ, ಬಾಡಿಗೆ ಪೂರ್ತಿ ನಾನೇ ಕೊಡುತ್ತೇನೆ. ಸೊಳ್ಳೆ ಪರದೆಯ ವಿಷಯ ನೀವು ಬಂದ ಮೇಲೆ ಕೂತು ಮಾತಾಡೋಣ.